ಯಾವುದೇ ವಿಧದ ಪಂಪು

ಮನುಷ್ಯನನ್ನು ಹೆದರಿಸಲು ಹುಲಿ ಕರಡಿಗಳೇ ಬರಬೇಕೆಂದಿಲ್ಲ. ಅಂಗೈಗಿಂತ ತುಸು ಉದ್ದವಾದ, ಬಿಳಿ ಬಣ್ಣದ, ಎರಡು ಪೈಪು ಒಂದು ವೈರು ಇರುವ ಪಂಪು ಸಾಕು. ಅದು ಅಡುಗೆಮನೆಯ ಸಿಂಕಿನ ಕೆಳಗೆ ತನ್ನ ಪಾಡಿಗೆ ತಾನು ಗುಂಯ್ ಎನ್ನುತ್ತಿದ್ದರೂ ಒಬ್ಬ ಸಂಭಾವಿತ ನೌಕರನ ಪ್ರಾಣ ಹಿಂಡಬಲ್ಲದು. ನಂಬಿಕೆ ಬಾರದಿದ್ದರೆ ನಮ್ಮ ಷರಾ ಸಾಹೇಬರನ್ನು ಕೇಳಿ.

ಷರಾ ಸಾಹೇಬರು ನೀರು ಸರಬರಾಜು ಕಚೇರಿಯ ಗುಮಾಸ್ತರು. ಬಂದ ಕಾಗದಕ್ಕೆ ಷರಾ ಬರೆಯುವುದು, ಹೋಗುವ ಕಾಗದಕ್ಕೆ ಕರಡು ತಯಾರಿಸುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಇದನ್ನೇ ಮಾಡಿ ಕೈ ಎಷ್ಟು ಪಳಗಿತ್ತೆಂದರೆ, ಹೆಂಡತಿ ಕೊಟ್ಟ ಸಾಮಾನಿನ ಚೀಟಿಯ ಅಂಚಿನಲ್ಲೂ "ನೋಡಲಾಯಿತು, ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದು ಸಹಿ ಹಾಕಿಯೇ ಅಂಗಡಿಗೆ ಹೊರಡುತ್ತಿದ್ದರು. ಕಚೇರಿಯಲ್ಲಿ ತಮ್ಮಷ್ಟು ಚೆನ್ನಾಗಿ ಕರಡು ಬರೆಯುವವರು ಇನ್ನೊಬ್ಬರಿಲ್ಲ ಎಂಬ ಹೆಮ್ಮೆ ಅವರಿಗಿತ್ತು. ಆ ಹೆಮ್ಮೆಯಿಂದಲೇ ಎಲ್ಲ ಶುರುವಾಯಿತು.

ಒಂದು ಬೆಳಿಗ್ಗೆ ಎಂಜಿನಿಯರ್ ಮೇಡಂ ಅವರನ್ನು ಕರೆದು, "ಕೆಲವರು ಬೀದಿ ಪೈಪಿಗೇ ಮೋಟಾರು ಹಾಕಿ ನೀರು ಎಳೀತಿದಾರಂತೆ. ಹಾಗೆ ಮಾಡಬೇಡಿ ಅಂತ ಒಂದು ನೋಟಿಸು ಬರೀರಿ. ಒಂದು ಸಾಲು ಸಾಕು" ಎಂದರು.

ಒಂದು ಸಾಲು. ಇಪ್ಪತ್ತಾರು ವರ್ಷದ ಅನುಭವಕ್ಕೆ ಒಂದು ಸಾಲು. ಷರಾ ಸಾಹೇಬರಿಗೆ ಮುಖಕ್ಕೆ ಹೊಡೆದಂತಾಯಿತು. ಊಟದ ಹೊತ್ತನ್ನೂ ಬಿಟ್ಟು ಕೂತು ಬರೆದರು: "ಯಾವುದೇ ವ್ಯಕ್ತಿಯು ಯಾವುದೇ ವಿಧದ, ಯಾವುದೇ ಗಾತ್ರದ ಪಂಪನ್ನು, ಯಾವುದೇ ಸ್ಥಳದಲ್ಲಿ, ಯಾವುದೇ ಉದ್ದೇಶಕ್ಕಾಗಿ ನೀರಿನ ಸಂಪರ್ಕಕ್ಕೆ ಅಳವಡಿಸುವುದನ್ನಾಗಲೀ, ಚಾಲನೆ ಮಾಡುವುದನ್ನಾಗಲೀ, ಚಾಲನೆಯಲ್ಲಿರುವುದನ್ನು ಕಂಡೂ ಸುಮ್ಮನಿರುವುದನ್ನಾಗಲೀ ಈ ಮೂಲಕ ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ತಪ್ಪಿತಸ್ಥರು ಈ ಕಚೇರಿಯ ನೌಕರರಾಗಿದ್ದಲ್ಲಿ ವಿಚಾರಣೆಯಿಲ್ಲದೆ ಕೂಡಲೇ ಅಮಾನತುಗೊಳಿಸಲಾಗುವುದು. ಬಾಯಿಮಾತಿನ ಅನುಮತಿಯನ್ನು ಪರಿಗಣಿಸಲಾಗುವುದಿಲ್ಲ."

ನೌಕರರ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಬರೆಯುವ ಭರದಲ್ಲಿ ತಾನಾಗಿ ಬಂದದ್ದು. ಮೇಡಂ ಫೋನಿನಲ್ಲಿ ಮಾತಾಡುತ್ತಲೇ, ಓದದೆ, ಸಹಿ ಹಾಕಿದರು. ಸಂಜೆ ನಾಲ್ಕರ ಹೊತ್ತಿಗೆ ನೋಟಿಸು ಎಲ್ಲ ಶಾಖೆಗಳಿಗೂ ಹೋಯಿತು, ಬೀದಿ ಬೀದಿಯ ಮೂಲೆಯಲ್ಲೂ ಅಂಟಿತು. ಷರಾ ಸಾಹೇಬರು ಮನೆಗೆ ಹೋಗುವ ದಾರಿಯಲ್ಲಿ ನಾಲ್ಕು ಕಡೆ ನಿಂತು ನಾಲ್ಕು ಸಲ ಓದಿದರು. ಒಂದು ಕಡೆಯಂತೂ ಅಂಟು ಬಿಟ್ಟ ಮೂಲೆಯನ್ನು ತಾವೇ ಎಂಜಲು ಹಚ್ಚಿ ಒತ್ತಿ ಬಂದರು.

ಮನೆಗೆ ಬಂದರೆ ಸಿಂಕಿನ ಕೆಳಗಿನಿಂದ ಎರಡು ಕಾಲು ಚಾಚಿಕೊಂಡಿದ್ದವು. ಅವು ಫಿಲ್ಟರ್ ಮೆಕ್ಯಾನಿಕ್‌ನ ಕಾಲುಗಳು.

ಆ ಮನೆಯ ನೀರು ಗಡಸು. ಕೆಟಲ್ಲಿನ ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟುತ್ತಿತ್ತು. ಹತ್ತು ವರ್ಷ ಗೋಗರೆದ ಮೇಲೆ ಹೆಂಡತಿ ಹೋದ ತಿಂಗಳು ತಾನೇ ಹೋಗಿ ಫಿಲ್ಟರು ತಂದಿದ್ದಳು. ತಂದರೇನು, ಅದು ತೊಟ್ಟು ತೊಟ್ಟಾಗಿ ಅಳುತ್ತಿತ್ತು. ಒಂದು ಬಾಟಲಿ ತುಂಬುವುದರೊಳಗೆ ಬಟ್ಟೆ ಒಗೆದು ಒಣಗಿಸಿ ಮಡಿಸಿಡಬಹುದಿತ್ತು.

"ಏನಿದು?" ಎಂದರು ಷರಾ ಸಾಹೇಬರು.

"ಪಂಪು," ಎಂದಳು ಹೆಂಡತಿ. ಮುಖದಲ್ಲಿ ಗೆದ್ದ ಕಳೆ.

ಮೆಕ್ಯಾನಿಕ್ ಹೊರಗೆ ಬಂದು ಕೈ ಒರೆಸಿಕೊಂಡ. "ಬೂಸ್ಟರ್ ಪಂಪು ಸಾರ್. ಫಿಲ್ಟರ್ ಒಳಗೆ ತೆಳ್ಳಗಿನ ಪೊರೆ ಇರುತ್ತೆ. ಒತ್ತಡ ಇಲ್ಲ ಅಂದ್ರೆ ನೀರು ಪೊರೆ ದಾಟಲ್ಲ. ನಿಮ್ಮ ಟ್ಯಾಂಕು ತಲೆ ಮೇಲೇ ಕೂತಿದೆ, ಎತ್ತರ ಸಾಲದು. ಈಗ ಇದು ಹಿಂದಿಂದ ತಳ್ಳುತ್ತೆ. ನೀವು ಏನೂ ಮುಟ್ಟೋದು ಬೇಡ. ಒಂದು ಲೋಟ ನೀರು ಹಿಡಿದ್ರೆ ತಾನೇ ಶುರುವಾಗುತ್ತೆ, ಫಿಲ್ಟರ್ ಮತ್ತೆ ತುಂಬಿದ್ರೆ ತಾನೇ ನಿಲ್ಲುತ್ತೆ."

"ತಾನೇ ಶುರುವಾಗುತ್ತಾ?"

"ತಾನೇ."

"ನೀರಿನ ಸಂಪರ್ಕಕ್ಕೆ ಅಳವಡಿಸಿದ್ದಾ ಇದು?"

"ಕರೆಂಟಿನ ಸಂಪರ್ಕಕ್ಕೂ ಅಳವಡಿಸಿದೀನಿ ಸಾರ್. ಅದಿಲ್ದೆ ತಿರುಗಲ್ವಲ್ಲ."

ಮೆಕ್ಯಾನಿಕ್ ಹೋದ ಮೇಲೆ ಷರಾ ಸಾಹೇಬರು ಹೆಂಡತಿಯನ್ನು ಕೂರಿಸಿ ನೋಟಿಸಿನ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅವಳು ಲೋಟದಲ್ಲಿ ನೀರು ಹಿಡಿದು ಕುಡಿಯುತ್ತಾ ಕೇಳಿದಳು. ಸಿಂಕಿನ ಕೆಳಗೆ ಗುಂಯ್ ಎಂದಿತು.

"ಇದು ಬೀದಿ ಪೈಪಿನವರಿಗೆ ಬರೆದಿದ್ದು ತಾನೇ? ನಮ್ಮದು ನಮ್ಮ ಟ್ಯಾಂಕಿನ ನೀರು."

"ಯಾವುದೇ ವಿಧ. ಯಾವುದೇ ಸ್ಥಳ. ಯಾವುದೇ ಉದ್ದೇಶ. ನಾನೇ ಬರೆದಿದ್ದು ಕಣೇ, ಒಂದು ಸೂಜಿ ತೂರೋಷ್ಟೂ ಸಂದು ಬಿಟ್ಟಿಲ್ಲ."

"ಮೇಡಂನ ಒಂದು ಮಾತು ಕೇಳಿಬಿಡಿ."

"ಕೇಳಿದ್ರೆ ಒಪ್ಪಿಕೊಂಡ ಹಾಗೆ. ಅಲ್ಲೇ ಅಮಾನತು. ಬಿಚ್ಚಿಸಿಬಿಡು."

"ಹತ್ತು ವರ್ಷ ಸುಣ್ಣದ ನೀರು ಕುಡಿಸಿದೀರಿ. ಇನ್ನು ನನ್ನ ಕೈಲಾಗಲ್ಲ. ನಿಮ್ಮ ನೋಟಿಸನ್ನ ನೀವೇ ಬಿಚ್ಚಿಸಿ," ಎಂದು ಅವಳು ಇನ್ನೊಂದು ಲೋಟ ಹಿಡಿದಳು.

ಕಂಡೂ ಸುಮ್ಮನಿರುವುದು ಅಪರಾಧವಾದ್ದರಿಂದ ಷರಾ ಸಾಹೇಬರು ಅಂದಿನಿಂದ ಅಡುಗೆಮನೆಗೆ ಕಣ್ಣು ಮುಚ್ಚಿಕೊಂಡೇ ಹೋಗತೊಡಗಿದರು. ಮೊದಲ ದಿನವೇ ಕಪಾಟಿನ ಬಾಗಿಲು ಹಣೆಗೆ ಬಡಿದು ಬುಗುಟು ಬಂತು. ಆದರೂ ಕಾನೂನಿನ ದೃಷ್ಟಿಯಲ್ಲಿ ಅವರು ಏನನ್ನೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ನರ್ಸಮ್ಮ ಕಾಂಪೌಂಡಿನ ಮೇಲಿಂದ ಕರೆದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ವಾರ್ಡು ನೋಡಿಕೊಂಡು ನಿವೃತ್ತರಾದವರು. ಅವರ ಕಣ್ಣಿಗೆ ಬಿದ್ದ ಯಾವುದೇ ಮನುಷ್ಯನೂ ಮೊದಲು ರೋಗಿ, ಆಮೇಲೆ ಉಳಿದದ್ದು.

"ನಿಮ್ಮ ನಲ್ಲೀಲಿ ನೀರು ಹೇಗೆ ಬರ್ತಿದೆ? ನಮ್ಮದು ಬೆರಳು ದಪ್ಪ ಬರ್ತಿತ್ತು. ನಿನ್ನೆ ಸಾಯಂಕಾಲದಿಂದ ದಾರದ ಹಾಗೆ ಬರ್ತಿದೆ."

ನಿನ್ನೆ ಸಾಯಂಕಾಲ. ಷರಾ ಸಾಹೇಬರ ಕೈಕಾಲು ತಣ್ಣಗಾಯಿತು. ಆ ಅಂಗೈ ಉದ್ದದ ಪಿಶಾಚಿ ಒಂದೇ ರಾತ್ರಿಯಲ್ಲಿ ಇಡೀ ಬೀದಿಯ ನೀರನ್ನು ಹೀರಿತೆಂದು ಅವರಿಗೆ ಆ ಕ್ಷಣವೇ ಖಾತ್ರಿಯಾಯಿತು.

"ಯಾರೋ ಪಂಪು ಹಾಕಿದಾರೆ," ಎಂದರು ನರ್ಸಮ್ಮ. "ನೋಟಿಸು ಓದಿದೆ. ಎಷ್ಟು ಚೆನ್ನಾಗಿ ಬರೆದಿದಾರೆ ನೋಡಿ, ಕಳ್ಳ ಎಲ್ಲಿಂದ್ಲೂ ತಪ್ಪಿಸ್ಕೊಳ್ಳೋ ಹಾಗಿಲ್ಲ. ಯಾಕೆ, ನಿಮ್ಮ ತುಟಿ ನೀಲಿಗಟ್ಟಿದೆ?"

"ಚಳಿ," ಎಂದರು ಷರಾ ಸಾಹೇಬರು. ಬಿಸಿಲು ಚುರುಗುಟ್ಟುತ್ತಿತ್ತು.

ಅವತ್ತೇ ಅವರು ಕಿಟಕಿಗಳನ್ನೆಲ್ಲ ಮುಚ್ಚಿ, ಪಂಪಿನ ಮೇಲೆ ಹಳೆಯ ಉಣ್ಣೆ ಕಂಬಳಿ ಹೊದಿಸಿದರು. ಗುಂಯ್ ಎನ್ನುವುದು ಹೂಂ ಎನ್ನುವಷ್ಟಕ್ಕೆ ಇಳಿಯಿತು, ಆದರೆ ನಿಲ್ಲಲಿಲ್ಲ. ಆಗ ಅವರಿಗೆ ಇನ್ನೊಂದು ದಾರಿ ಹೊಳೆಯಿತು. ಎದುರು ಮನೆಯಲ್ಲಿ ಟೈಲರ್ ಇದ್ದ. ಅವನ ಮೆಷಿನ್ ಓಡುವಾಗ ಬೀದಿಯಲ್ಲಿ ಬೇರೆ ಯಾವ ಸದ್ದೂ ಕೇಳುತ್ತಿರಲಿಲ್ಲ. ಮೆಷಿನ್ ಓಡುತ್ತಿದ್ದರೆ ಮಾತ್ರ ಮನೆಯಲ್ಲಿ ನೀರು ಕುಡಿಯಬೇಕೆಂದು ನಿಯಮ ಮಾಡಿದರು. ಮೆಷಿನ್ ಸದಾ ಓಡುತ್ತಿರಬೇಕಾದರೆ ಹೊಲಿಯಲು ಬಟ್ಟೆ ಬೇಕಲ್ಲ. ದಿನಕ್ಕೆರಡು ದಿಂಬಿನ ಚೀಲ ಹೊಲಿಯಲು ಕೊಡತೊಡಗಿದರು.

ಆರನೇ ದಿನ ಟೈಲರ್ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ನರ್ಸಮ್ಮನ ಗೇಟಿಗೆ ಬಂದ. "ಅಮ್ಮಾ, ಆ ಮನೇಲಿ ಇರೋದು ಎರಡು ತಲೆ. ಹನ್ನೊಂದು ದಿಂಬಿನ ಚೀಲ ಆಯ್ತು. ಬಟ್ಟೆ ಕೊಟ್ಟು ಅಲ್ಲೇ ನಿಂತಿರ್ತಾರೆ. ಮೆಷಿನ್ ನಿಲ್ಸಿದ್ರೆ ಓಡಿಸಿ ಓಡಿಸಿ ಅಂತಾರೆ. ಬೆವರು ಹರೀತಿರುತ್ತೆ."

ನರ್ಸಮ್ಮ ಕಣ್ಣು ಕಿರಿದು ಮಾಡಿದರು. ಹೂಂ ಎನ್ನುವ ಸದ್ದನ್ನು ಅವರೂ ಕೇಳಿದ್ದರು. ಬಿಟ್ಟು ಬಿಟ್ಟು ಬರುವ, ತಾನೇ ಶುರುವಾಗಿ ತಾನೇ ನಿಲ್ಲುವ ಸದ್ದು. ಅಂಥ ಸದ್ದನ್ನು ಅವರು ಮೂವತ್ತು ವರ್ಷ ಮಂಚಗಳ ಪಕ್ಕದಲ್ಲಿ ಕೇಳಿದ್ದರು. ಅದರ ಮೇಲೆ ಮುಚ್ಚಿದ ಕಿಟಕಿಗಳು, ಗಂಡನ ನೀಲಿ ತುಟಿ, ಹಣೆಯ ಬುಗುಟು, ಹನ್ನೊಂದು ದಿಂಬು.

"ಅದು ಉಸಿರಾಟದ ಮೆಷಿನ್ನು," ಎಂದರು. "ಒಳಗೆ ಪೇಷೆಂಟ್ ಇದಾರೆ. ಹೋದ ವಾರ ಅವರ ಅತ್ತೆ ಎರಡು ಚೀಲ ಹಿಡ್ಕೊಂಡು ಬಂದಿದ್ದನ್ನ ನೋಡಿದ್ಯಾ?"

"ನೋಡಿದ್ದೆ."

"ವಾಪಸ್ ಹೋಗಿದ್ದನ್ನ ನೋಡಿದ್ಯಾ?"

ಟೈಲರ್ ನೋಡಿರಲಿಲ್ಲ. ಆ ಅತ್ತೆಯವರು, ಅಂದರೆ ಹೆಂಡತಿಯ ತಾಯಿ, ಪಂಪು ಬಂದ ದಿನ ಬೆಳಿಗ್ಗೆ ಐದೂವರೆಯ ಬಸ್ಸಿಗೆ ಹೋದದ್ದನ್ನು ಕಂಡವರು ಹಾಲಿನವನೊಬ್ಬನೇ. ಅವನನ್ನು ಯಾರೂ ಕೇಳಲಿಲ್ಲ.

ಇತ್ತ ಕಚೇರಿಯಲ್ಲಿ ಷರಾ ಸಾಹೇಬರ ಮೇಜಿಗೆ ದಿನವೂ ದೂರು ಬರುತ್ತಿತ್ತು. ನರ್ಸಮ್ಮನದೇ ನಾಲ್ಕು ಇದ್ದವು: ನಮ್ಮ ಬೀದಿಯಲ್ಲಿ ಯಾರೋ ಪಂಪು ಹಾಕಿರುವ ಬಲವಾದ ಅನುಮಾನವಿದೆ. ಅದಕ್ಕೆ ಷರಾ ಬರೆಯಬೇಕಾದವರು ಅಪರಾಧಿಯೇ. "ಪರಿಶೀಲನೆಯಲ್ಲಿದೆ" ಎಂದು ಬರೆಯುವಾಗ ಪೆನ್ನು ಕಾಗದವನ್ನು ಹರಿದುಕೊಂಡು ಹೋಯಿತು. ದೂರುಗಳನ್ನು ಕಡತದ ಕಟ್ಟಿನ ಅಡಿಗೆ ತಳ್ಳಿದರು. ಬೇರೆ ಬೀದಿಗಳಿಂದಲೂ ಬರತೊಡಗಿದಾಗ, ತಮ್ಮ ಪಂಪು ಎಷ್ಟು ದೂರದವರೆಗೆ ಹೀರುತ್ತಿದೆಯಪ್ಪಾ ಎಂದು ಅವರ ನಾಲಿಗೆ ಒಣಗಿತು. ಒಣಗಿದರೂ ನೀರು ಕುಡಿಯಲು ಧೈರ್ಯವಿರಲಿಲ್ಲ.

ಎಂಟನೇ ದಿನ ಅವರು ತಮ್ಮ ಅಮಾನತು ಆದೇಶದ ಕರಡನ್ನೂ ತಾವೇ ಬರೆದಿಟ್ಟರು. ಹೇಗಿದ್ದರೂ ಆ ಕಚೇರಿಯಲ್ಲಿ ಬೇರೆಯವರು ಬರೆದರೆ ತಪ್ಪು ತಪ್ಪಾಗಿ ಬರೆಯುತ್ತಾರೆ. ದಿನಾಂಕದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದರು.

ಒಂಬತ್ತನೇ ದಿನ ಭಾನುವಾರ. ಮಧ್ಯಾಹ್ನ ಹೆಂಡತಿ ತರಕಾರಿಗೆ ಹೋಗಿದ್ದಾಗ ನರ್ಸಮ್ಮ, ಅವರ ಹಿಂದೆ ಟೈಲರ್, ಬಾಗಿಲಲ್ಲಿ ನಿಂತಿದ್ದರು. ಷರಾ ಸಾಹೇಬರು ಕೂರಿಸಿ, ತಟ್ಟೆಯಲ್ಲಿ ಬಿಸ್ಕತ್ತು ತಂದಿಟ್ಟರು. ಒಣ ಬಿಸ್ಕತ್ತು. ನರ್ಸಮ್ಮ ಎರಡು ತಿಂದು ಕೆಮ್ಮಿದರು.

"ಒಂದು ಲೋಟ ನೀರು ಕೊಡ್ತೀರಾ?"

ಲೋಟ ಹಿಡಿದರೆ ಅದು ತಾನೇ ಶುರುವಾಗುತ್ತದೆ. "ನೀರು ಇಲ್ಲ," ಎಂದರು ಷರಾ ಸಾಹೇಬರು.

ಮನೆಗೆ ಬಂದವರಿಗೆ ನೀರು ಇಲ್ಲವೆಂದ ಮನುಷ್ಯನನ್ನು ಟೈಲರ್ ಜೀವಮಾನದಲ್ಲಿ ಕಂಡಿರಲಿಲ್ಲ. ಅವನು ನರ್ಸಮ್ಮನ ಮುಖ ನೋಡಿದ. ನರ್ಸಮ್ಮ ಕೆಮ್ಮು ನುಂಗಿಕೊಂಡು, ವಾರ್ಡಿನಲ್ಲಿ ಮಾತಾಡುವಷ್ಟು ಮೆತ್ತಗೆ, "ನೋಡಿ, ನಮಗೆಲ್ಲ ಗೊತ್ತಾಗಿದೆ" ಎಂದರು.

ಷರಾ ಸಾಹೇಬರ ಜೀವ ಬಾಯಿಗೆ ಬಂತು. ಸ್ಟೂಲಿನ ಮೇಲೆ ಕೂತುಬಿಟ್ಟರು.

"ಎಷ್ಟು ದಿನ ಆಯ್ತು?"

"ಒಂಬತ್ತು."

"ಹಿಂದಿನ ರೂಮಲ್ಲಿ ಇಟ್ಟಿದೀರಾ?"

"ಇಲ್ಲ. ಸಿಂಕಿನ ಕೆಳಗೆ."

ನರ್ಸಮ್ಮನ ಕೈಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. "ಸಿಂಕಿನ ಕೆಳಗೆ."

"ಅಲ್ಲೇ ಜಾಗ ಇದ್ದಿದ್ದು. ಬಾಗಿಲಿದೆ, ಹೊರಗಿಂದ ಚಿಲಕ ಹಾಕಬಹುದು. ಮೇಲೆ ಕಂಬಳಿ ಮುಚ್ಚಿದೀನಿ, ಸದ್ದು ಹೊರಗೆ ಹೋಗಬಾರದು ಅಂತ."

"ಆದರೂ ಸದ್ದು ಬಂದ್ರೆ?"

"ವೈರು ಕಿತ್ತುಬಿಡ್ತೀನಿ."

"ಕಿತ್ರೆ?" ಎಂದ ಟೈಲರ್. ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಗಪ್‌ಚುಪ್ ಆಗುತ್ತೆ. ಆಮೇಲೆ ನನ್ನ ಹೆಂಡತಿ ನೋಡಿ ಮತ್ತೆ ಸಿಕ್ಕಿಸ್ತಾಳೆ. ಅವಳಿಗೆ ಅದರ ಮೇಲೆ ಪ್ರಾಣ."

"ಇರಲ್ವಾ ಮತ್ತೆ," ಎಂದ ನರ್ಸಮ್ಮನ ಕಣ್ಣು ಒದ್ದೆಯಾಯಿತು. "ನಿಮಗೆ?"

"ನನಗೆ ಬೇಡವಾಗಿತ್ತು. ನನ್ನ ಒಂದು ಮಾತೂ ಕೇಳದೆ ತಂದು ಸೇರಿಸಿದಳು. ಬಂದಾಗಿಂದ ನನಗೆ ನಿದ್ದೆ ಇಲ್ಲ, ಊಟ ಇಲ್ಲ. ನೀವು ದಮ್ಮಯ್ಯ ಕಚೇರಿಗೆ ಮಾತ್ರ ಹೇಳಬೇಡಿ. ನಾಳೆ ನಾಡಿದ್ದರಲ್ಲಿ ಅದನ್ನ ಬಿಚ್ಚಿ, ಗೋಣಿಚೀಲಕ್ಕೆ ಹಾಕಿ, ದೂರ ಎಲ್ಲಾದ್ರೂ ಎಸೆದು ಬಂದುಬಿಡ್ತೀನಿ."

ಇಬ್ಬರೂ ಒಟ್ಟಿಗೆ ಎದ್ದರು. ಬಾಗಿಲಿನಲ್ಲಿ ಒಬ್ಬರಿಗೊಬ್ಬರು ತಗುಲಿಕೊಂಡು ಹೊರಬಿದ್ದರು. ಟೈಲರ್‌ನ ಅಳತೆಪಟ್ಟಿ ಚಿಲಕಕ್ಕೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು.

ಪೊಲೀಸರ ಬಳಿ ಹೋಗೋಣವೆಂದು ಟೈಲರ್ ಹೇಳಿದ. ನರ್ಸಮ್ಮ ಒಪ್ಪಲಿಲ್ಲ. "ಪೊಲೀಸು ಅಂದ್ರೆ ಗಾಬರಿಯಾಗಿ ವೈರು ಕಿತ್ತಾನು. ಅವನು ಹೆದರೋದು ಕಚೇರಿಗೆ. ಅವನ ಮೇಲಿನೋರನ್ನೇ ಕರ್ಕೊಂಡು ಬರೋಣ."

ಸೋಮವಾರ ಹತ್ತೂವರೆಗೆ ಷರಾ ಸಾಹೇಬರು ತಮ್ಮ ಮೇಜಿನಿಂದ ಗಾಜಿನ ಗೋಡೆಯಾಚೆ ನೋಡಿದರು. ಮೇಡಂ ಕೋಣೆಯಲ್ಲಿ ನರ್ಸಮ್ಮ ನಿಂತಿದ್ದರು. ಮಾತು ಕೇಳುತ್ತಿರಲಿಲ್ಲ, ಕೈ ಕಾಣುತ್ತಿತ್ತು. ಕೈ ಏನನ್ನೋ ಹೊದಿಸಿತು. ಏನನ್ನೋ ಕಿತ್ತಿತು. ಕೊನೆಗೆ ಚೀಲಕ್ಕೆ ತುಂಬಿ ಎಸೆಯಿತು. ಮೇಡಂ ಕುರ್ಚಿಯಿಂದ ಎದ್ದು ಗಾಜಿನೊಳಗಿಂದ ಇವರನ್ನೇ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಅಂಥ ನೋಟವನ್ನು ಯಾವ ಅಧಿಕಾರಿಯೂ ಅವರತ್ತ ಬೀರಿರಲಿಲ್ಲ. ಷರಾ ಸಾಹೇಬರು ಕನ್ನಡಕದ ಡಬ್ಬಿ, ಸ್ವಂತ ಪೆನ್ನು, ಕುರ್ಚಿಯ ಮೆತ್ತೆ ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಎದ್ದು ನಿಂತರು.

"ನಿಮ್ಮ ಮನೆಗೆ ನಡೀರಿ. ಈಗಲೇ," ಎಂದರು ಮೇಡಂ.

ಷರಾ ಸಾಹೇಬರು ಅಮಾನತಿನ ಕರಡನ್ನು ಮುಂದೆ ಹಿಡಿದರು. ಮೇಡಂ ಎಂದಿನಂತೆ ಓದದೆ ಪಕ್ಕಕ್ಕೆ ಸರಿಸಿದರು.

ಜೀಪು ಹೊರಟಿತು. ತಿರುವಿನಲ್ಲಿ ಮೇಡಂ ಮುಂದೆ ನೋಡುತ್ತಲೇ, "ಜೀವ ಇದೆ ತಾನೇ?" ಎಂದರು.

"ಬೆಳಿಗ್ಗೆ ಸದ್ದು ಮಾಡ್ತಿತ್ತು ಮೇಡಂ," ಎಂದರು ಷರಾ ಸಾಹೇಬರು.

ನರ್ಸಮ್ಮ ಡ್ರೈವರನ ಭುಜ ತಟ್ಟಿ ಬೇಗ ಬೇಗ ಎಂದರು.

ಹೆಂಡತಿ ಬಾಗಿಲು ತೆಗೆದಾಗ ಒಳಗೆ ನುಗ್ಗಿದವರು ನಾಲ್ಕು ಜನ, ಏಕೆಂದರೆ ಟೈಲರ್ ಎದುರಿನಿಂದ ಓಡಿ ಬಂದು ಸೇರಿಕೊಂಡಿದ್ದ. ನರ್ಸಮ್ಮ ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡೇ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಸಿಂಕಿನ ಬಾಗಿಲು ತೆರೆದರು. ಕತ್ತಲಲ್ಲಿ ಕಂಬಳಿಯ ಮುದ್ದೆಯೊಂದು ಸಣ್ಣಗೆ ಹೂಂಗುಟ್ಟುತ್ತಿತ್ತು.

"ಹೆದರಬೇಡಿ ಅಮ್ಮಾ, ನಾವು ಬಂದಿದೀವಿ," ಎಂದು ಅವರು ಕಂಬಳಿ ಸರಿಸಿದರು.

ಬಿಳಿ ಪಂಪು ಹೊರಬಿತ್ತು. ಸೆಖೆಗೆ ಬಿಸಿಯಾಗಿತ್ತು. ಫಿಲ್ಟರು ತುಂಬಿತೆಂದು ಕಾಣುತ್ತದೆ, ಎಲ್ಲರೂ ನೋಡುತ್ತಿದ್ದಂತೆ ಟಕ್ ಎಂದು ತಾನೇ ನಿಂತಿತು.

"ಇದೇನು?" ಎಂದರು ನರ್ಸಮ್ಮ.

"ಪಂಪು," ಎಂದು ಷರಾ ಸಾಹೇಬರು ಗೋಡೆಗೆ ಒರಗಿದರು.

"ನಿಮ್ಮ ಅತ್ತೆ ಎಲ್ಲಿ?"

"ಅತ್ತೇನಾ? ಅವರು ಊರಿಗೆ ಹೋಗಿ ಹತ್ತು ದಿನ ಆಯ್ತಲ್ಲ."

ನರ್ಸಮ್ಮ ನಂಬಲಿಲ್ಲ. ಹೆಂಡತಿ ಅಮ್ಮನಿಗೆ ಫೋನು ಹಚ್ಚಿ ಕೊಡಬೇಕಾಯಿತು. "ನೀವು ಚೆನ್ನಾಗಿದೀರಾ? ಉಸಿರಾಟ ಸರಿಯಾಗಿದೆಯಾ?" ಎಂದು ನರ್ಸಮ್ಮ ಕೇಳಿದರು. "ಇದೆ. ಯಾಕೆ, ಅಲ್ಲಿ ಯಾರಾದ್ರೂ ಬೇರೆ ಥರ ಹೇಳಿದ್ರಾ?" ಎಂದು ಆ ಕಡೆಯಿಂದ ಗಡುಸಾಗಿ ಕೇಳಿಬಂತು. ನರ್ಸಮ್ಮ ಸ್ಟೆತಾಸ್ಕೋಪು ತೆಗೆದು ಚೀಲಕ್ಕೆ ಹಾಕಿಕೊಂಡರು. ಅವರಿಗೆ ಸಮಾಧಾನವಾಯಿತೋ ಸಿಟ್ಟು ಬಂತೋ ಹೇಳುವುದು ಕಷ್ಟ. ಎರಡೂ ಇದ್ದಂತಿತ್ತು.

ಆದರೆ ಷರಾ ಸಾಹೇಬರಿಗೆ ಅತ್ತೆ ಯಾಕೆ ನಡುವೆ ಬಂದರೆಂಬುದನ್ನು ಯೋಚಿಸುವಷ್ಟು ತಲೆ ಉಳಿದಿರಲಿಲ್ಲ. ಅವರು ಎಲ್ಲವನ್ನೂ ಒಪ್ಪಿಕೊಂಡರು. ಪಂಪು, ಕಂಬಳಿ, ದಿಂಬಿನ ಚೀಲ, ಕಟ್ಟಿನಡಿಯ ದೂರುಗಳು. "ಬೀದಿಯೋರ ನೀರನ್ನೆಲ್ಲ ನಾನೇ ಕುಡಿದೆ ಮೇಡಂ," ಎಂದರು.

ಮೇಡಂ ಬಗ್ಗಿ ಪೈಪಿನ ಜಾಡು ನೋಡಿದರು. "ಇದು ನಿಮ್ಮ ಟ್ಯಾಂಕಿಂದ ಬರ್ತಿದೆ. ಬೀದಿ ಪೈಪಿಗೂ ಇದಕ್ಕೂ ಏನ್ರೀ ಸಂಬಂಧ? ಇದು ಎಲ್ಲಾ ಮನೇಲೂ ಇರುತ್ತೆ. ನಮ್ಮ ಮನೇಲೂ ಇದೆ."

"ಹಾಗಾದ್ರೆ ನಿಮಗೂ ಅನ್ವಯಿಸುತ್ತೆ ಮೇಡಂ," ಎಂದರು ಷರಾ ಸಾಹೇಬರು. ಭಯದ ನಡುವೆಯೂ ಕರಡಿನ ಮೇಲಿನ ಅಭಿಮಾನ ಹೋಗಿರಲಿಲ್ಲ.

ನರ್ಸಮ್ಮ ಚೀಲದಿಂದ ನೋಟಿಸಿನ ಪ್ರತಿ ತೆಗೆದುಕೊಟ್ಟರು. ಮೇಡಂ ತಾವು ಸಹಿ ಮಾಡಿದ ಕಾಗದವನ್ನು ಆಗ ಮೊದಲ ಸಲ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಬಿಳಿಚಿಕೊಂಡಿತು. ಯಾವುದೇ ಸ್ಥಳ ಎಂಬಲ್ಲಿಗೆ ಬಂದಾಗ ಸ್ಟೂಲು ಎಳೆದುಕೊಂಡು ಕೂತರು.

"ಅದಿರಲಿ, ನಮ್ಮ ನೀರು ಯಾಕೆ ದಾರದ ಹಾಗೆ ಬರ್ತಿದೆ?" ಎಂದರು ನರ್ಸಮ್ಮ.

ಮೇಡಂ ಇಡೀ ಊರಿಗೆ ನೀರು ತಳ್ಳುವ ಪಂಪ್‌ಹೌಸಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ಆಪರೇಟರ್ ಎತ್ತಿದ.

"ಎಷ್ಟು ಪಂಪು ಓಡ್ತಿದೆ?"

"ಒಂದು ಮೇಡಂ."

"ಎರಡಿದೆಯಲ್ಲ?"

"ಒಂದು ನಿಲ್ಸಿದೀನಿ. ನೋಟಿಸು ಬಂತಲ್ಲ ಮೇಡಂ, ಯಾವುದೇ ವಿಧದ, ಯಾವುದೇ ಗಾತ್ರದ ಅಂತ. ಎರಡೂ ಓಡಿಸಿದ್ರೆ ನೋಟಿಸಿನ ಪ್ರಕಾರ ಅಮಾನತು. ಎರಡೂ ನಿಲ್ಸಿದ್ರೆ ಕೆಲಸ ಮಾಡಿಲ್ಲ ಅಂತ ಅಮಾನತು. ಅದಕ್ಕೆ ಒಂದು ಓಡಿಸಿ ಒಂದು ನಿಲ್ಸಿದೆ. ಅರ್ಧ ಅಮಾನತು ಅಂತ ಎಲ್ಲೂ ಇಲ್ವಲ್ಲ."

ಹೆಂಡತಿ ಗಂಡನನ್ನು ನೋಡಿದಳು.

"ಈಗಲೇ ಎರಡನೇದೂ ಹಾಕು," ಎಂದರು ಮೇಡಂ.

"ಬಾಯಿಮಾತಿನ ಅನುಮತಿ ನಡೆಯಲ್ಲ ಮೇಡಂ. ಅದನ್ನೂ ಬರೆದಿದಾರೆ."

ಮೇಡಂ ಫೋನು ಇಟ್ಟು ಹಣೆ ಒತ್ತಿಕೊಂಡರು. ಆಮೇಲೆ ಷರಾ ಸಾಹೇಬರನ್ನು ಹಜಾರಕ್ಕೆ ಕರೆದು ದನಿ ತಗ್ಗಿಸಿದರು. "ಹತ್ತು ದಿನ ಊರಿಗೆ ಅರ್ಧ ನೀರು. ಮೇಲಿನೋರು ಕೇಳದೆ ಬಿಡಲ್ಲ. ಯಾರಾದ್ರೂ ಒಬ್ಬರು ಉತ್ತರ ಕೊಡಬೇಕು. ನಿಲ್ಸಿದ್ದು ಅವನು, ಅವನೇ ಕೊಡಲಿ. ನೀವು ಹೋಗಿ ಏನಾದ್ರೂ ಬರೆದುಕೊಟ್ಟು ಪಂಪು ಹಾಕಿಸಿ ಬನ್ನಿ. ಏನು ಬರೀಬೇಕು ಅಂತ ನಿಮಗೆ ಹೇಳಿಕೊಡಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ಜೀಪು ಪಂಪ್‌ಹೌಸು ಮುಟ್ಟುವುದರೊಳಗೆ ಷರಾ ಸಾಹೇಬರ ತಲೆಯಲ್ಲಿ ಕರಡು ಸಿದ್ಧವಾಗಿತ್ತು: ಆಪರೇಟರನು ತನ್ನ ಸ್ವಂತ ತಪ್ಪು ತಿಳುವಳಿಕೆಯಿಂದ, ಕಚೇರಿಗೆ ಯಾವುದೇ ಮಾಹಿತಿ ನೀಡದೆ. ಒಂದು ಸೂಜಿ ತೂರುವಷ್ಟೂ ಸಂದಿಲ್ಲದ ಕರಡು. ಹತ್ತು ದಿನದಿಂದ ಮೊದಲ ಸಲ ಅವರಿಗೆ ಸಲೀಸಾಗಿ ಉಸಿರಾಡಲು ಆಯಿತು.

ಪಂಪ್‌ಹೌಸಿನ ಬಾಗಿಲು ಒಳಗಿನಿಂದ ಹಾಕಿತ್ತು. ಬಹಳ ಸಲ ತಟ್ಟಿದ ಮೇಲೆ ಆಪರೇಟರ್ ತೆರೆದ. ಷರಾ ಸಾಹೇಬರದೇ ವಯಸ್ಸು. ಗಡ್ಡ ಹತ್ತು ದಿನದ್ದು. ನಿಲ್ಲಿಸಿದ ಪಂಪಿನ ಮೇಲೆ ಗೋಣಿತಾಟು ಹೊದಿಸಿದ್ದ. ಓಡುತ್ತಿದ್ದುದಕ್ಕೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡಿದ್ದ.

"ಯಾಕೆ ಆ ಕಡೆ ತಿರುಗಿ ಕೂತಿದೀರಿ?"

"ಓಡ್ತಿರೋದನ್ನ ಕಂಡೂ ಸುಮ್ಮನಿರಬಾರದಲ್ಲ ಸಾರ್," ಎಂದ ಆಪರೇಟರ್. "ಮನೆಗೂ ಹೋಗಿಲ್ಲ. ಹೋದಾಗ ಯಾರಾದ್ರೂ ಬಂದು ನೋಡಿಬಿಟ್ರೆ ಅಂತ. ಆ ನೋಟಿಸು ಬರೆದೋರು ಯಾರು ಸಾರ್? ಎಂಥಾ ಮನುಷ್ಯ ಅಂತೀನಿ. ಅವರಿಗೆ ನಮ್ಮಂಥೋರ ಮೇಲೆ ಏನು ಕೋಪ?"

ಷರಾ ಸಾಹೇಬರು ಗೋಣಿತಾಟನ್ನೂ ತಿರುಗಿಸಿಟ್ಟ ಕುರ್ಚಿಯನ್ನೂ ಮತ್ತೊಮ್ಮೆ ನೋಡಿದರು. ತಾವು ಹತ್ತು ದಿನ ಪಟ್ಟ ಭಯವನ್ನೇ ಇನ್ನೊಬ್ಬ ಮನುಷ್ಯ ಇಲ್ಲಿ ಒಬ್ಬನೇ ಕೂತು ಪಟ್ಟಿದ್ದ. ಅವನು ಹೆದರಿದ್ದು ಪಂಪಿಗಲ್ಲ, ಮೇಡಂಗಲ್ಲ, ಇವರಿಗೆ. ಅವರು ಕಾಗದ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಪೆನ್ನು ಹಿಡಿದು ನಿಂತರು. ಆಪರೇಟರ್ ಕಾಗದದ ಕಡೆ ನೋಡುವ ಧೈರ್ಯವಿಲ್ಲದೆ ಕಿಟಕಿ ನೋಡುತ್ತಿದ್ದ. ಕೊನೆಗೆ ಬರೆದು, ಸಹಿ ಹಾಕಿ, ದಿನಾಂಕ ಹಾಕಿ ಕೊಟ್ಟರು. ಬರೆದದ್ದು ಇಷ್ಟು:

"ಎರಡನೇ ಪಂಪು ಹಾಕಿ. ನೋಟಿಸು ಬರೆದವನು ನಾನು. ತಪ್ಪು ನನ್ನದು, ನಿಮ್ಮದಲ್ಲ."

ಆಪರೇಟರ್ ಎರಡು ಸಲ ಓದಿದ. ಹಿಂದೇನಾದರೂ ಬರೆದಿದೆಯೇ ಎಂದು ಕಾಗದ ತಿರುಗಿಸಿ ನೋಡಿದ.

"ಇಷ್ಟೇನಾ ಸಾರ್?"

"ಇಷ್ಟೇ."

ಅವನು ಗೋಣಿತಾಟು ಎಳೆದು ಸ್ವಿಚ್ಚು ಹಾಕಿದ. ನೆಲ ಅದುರಿ ಪಂಪು ಎದ್ದಿತು. ಆ ಗದ್ದಲದಲ್ಲಿ ಅವನು ಏನೋ ಕೇಳಿದ್ದು ಷರಾ ಸಾಹೇಬರಿಗೆ ಕೇಳಿಸಲಿಲ್ಲ, ಹತ್ತಿರ ಬಂದು ಮತ್ತೆ ಕೇಳಿದ. "ಈ ಕಾಗದ ನಾನೇ ಇಟ್ಕೊಳ್ಳಲಾ?"

ಆ ಕಾಗದ ಮೇಡಂ ಕೈಗೆ ಸಿಕ್ಕರೆ ಏನಾಗುತ್ತದೆಂದು ಷರಾ ಸಾಹೇಬರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

"ಇಟ್ಕೊಳ್ಳಿ," ಎಂದರು. "ಜೋಪಾನ. ಒದ್ದೆಯಾಗದ ಹಾಗೆ ಇಡಿ."